ಕೋಲಾರದ ಹಳೇಪೇಟೆಯಲ್ಲಿ ದೆವ್ವದ ಕತೆಗಳ ರಾತ್ರಿ ನಡಿಗೆ: ನೀವೇ ಕಟ್ಟಿ ನಡೆಸುವ ಬಗೆ

1782ರ ಡಿಸೆಂಬರಿನಲ್ಲಿ ಕೋಲಾರಕ್ಕೆ ಒಂದು ದೊಡ್ಡ ಪೆಟ್ಟಿಗೆ ಬಂತು. ಸುತ್ತ ಕಾವಲು, ಖಜಾನೆ ಸಾಗಿಸುವಾಗ ಇರುವಂಥದೇ ಬಂದೋಬಸ್ತು. ದಾರಿಯಲ್ಲಿ ನೋಡಿದವರೆಲ್ಲ ಹಣ ಹೋಗುತ್ತಿದೆ ಅಂದುಕೊಂಡಿರಬೇಕು. ಒಳಗಿದ್ದದ್ದು ಸುಗಂಧದ್ರವ್ಯಗಳ ನಡುವೆ ಇಟ್ಟಿದ್ದ ಹೈದರಾಲಿಯ ಶವ. ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಪಾಳೆಯದಲ್ಲಿ, ಬೆನ್ನ ಮೇಲೆ ಎದ್ದ ಹುಣ್ಣಿನಿಂದ ಅವನು ತೀರಿಕೊಂಡಿದ್ದ. ಮಗ ಟಿಪ್ಪು ದೂರದ ಮಲಬಾರಿನಲ್ಲಿ ಯುದ್ಧದಲ್ಲಿದ್ದ. ಅವನು ಬಂದು ಸೇರುವವರೆಗೆ ಸೈನ್ಯಕ್ಕೆ ಸುದ್ದಿ ಗೊತ್ತಾಗಬಾರದು ಅಂತ ಸಾವನ್ನೇ ಬಚ್ಚಿಟ್ಟರು. ಕೋಲಾರದಲ್ಲಿ ಅಪ್ಪ ಫತೇ ಮಹಮ್ಮದನ ಸಮಾಧಿಯ ಬಳಿ ಮಣ್ಣಾದವನನ್ನು ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಒಯ್ದರು.

ಇಂಥ ಕತೆ ಹೊಟ್ಟೆಯಲ್ಲಿಟ್ಟುಕೊಂಡಿರುವ ಊರಿಗೆ ಹುಸಿ ದೆವ್ವ ಕಟ್ಟುವ ಅಗತ್ಯವಿಲ್ಲ. ಬಿಳಿ ಸೀರೆ ಉಡಿಸಿ ಯಾರನ್ನೋ ಮೂಲೆಯಲ್ಲಿ ನಿಲ್ಲಿಸುವುದು, ಮೊಬೈಲಿನಲ್ಲಿ ಕಿರುಚಾಟ ಹಾಕುವುದು, ಇವು ಯಾವ ಊರಲ್ಲಾದರೂ ಆಗುವ ಕೆಲಸ. ಕೋಲಾರದ ರಾತ್ರಿ ನಡಿಗೆ ಕೋಲಾರದ ಸತ್ತವರ ಬಗ್ಗೆ, ಕೋಲಾರದವರ ಭಯದ ಬಗ್ಗೆ ಇರಬೇಕು. ಈ ಮಾರ್ಗದರ್ಶಿ ಅಂಥ ನಡಿಗೆಯನ್ನು ಕಟ್ಟಬೇಕೆನ್ನುವ ಕಾಲೇಜು ಹುಡುಗರಿಗೆ, ಮೇಷ್ಟ್ರುಗಳಿಗೆ, ಊರಿನ ಬಗ್ಗೆ ಅಕ್ಕರೆ ಇರುವ ಎಲ್ಲರಿಗೆ.

ಬೇರೆ ಕಡೆ ಇದು ಹೊಸದೇನಲ್ಲ. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ 1973ರಿಂದ ದೆವ್ವದ ನಡಿಗೆ ನಡೆಯುತ್ತಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸೇತುವೆಯ ಕೆಳಗಿನ ಕತ್ತಲೆ ನೆಲಮಾಳಿಗೆಗಳಿಗೆ ರಾತ್ರಿ ಹೊತ್ತು ಜನ ಇಳಿಯುತ್ತಾರೆ. ನಮ್ಮಲ್ಲಿ ಸೋಮೇಶ್ವರ ಗುಡಿ, ಕೋಲಾರಮ್ಮನ ಗುಡಿ, ಹೈದರನ ಮನೆತನದ ಮಕ್ಬರ (ಸಮಾಧಿ ಕಟ್ಟಡ), ದೊಡ್ಡಪೇಟೆ, ಕುರುಬರಪೇಟೆ, ಅಮ್ಮವಾರಿಪೇಟೆಯ ಬೀದಿಗಳು ಇವೆ. ಹಾಗೆ ನೋಡಿದರೆ ಸರಕು ನಮ್ಮಲ್ಲೇ ಹೆಚ್ಚು.

ಮೊದಲು ಕತೆ, ಆಮೇಲೆ ದಾರಿ

ಹೆಚ್ಚಿನವರು ಮ್ಯಾಪು ತೆರೆದು ದಾರಿ ಗುರುತಿಸಿ, ಆಮೇಲೆ ಆ ದಾರಿಗೆ ಕತೆ ಹುಡುಕುತ್ತಾರೆ. ಹಾಗೆ ಮಾಡಿದರೆ ಕತೆ ಸಿಗದ ಜಾಗಕ್ಕೆ ಸುಳ್ಳು ತುಂಬಬೇಕಾಗುತ್ತದೆ. ಮೊದಲು ಕತೆ ಕೂಡಿಹಾಕಿ. ಇದಕ್ಕೆ ಒಂದೆರಡು ತಿಂಗಳಾದರೂ ಕೊಡಿ.

ಯಾರನ್ನು ಕೇಳಬೇಕು? ರಾತ್ರಿ ಎಚ್ಚರ ಇರುವವರನ್ನು. ಟೊಮ್ಯಾಟೊ ಮಂಡಿಯಲ್ಲಿ ಲೋಡು ಹಾಕುವ ಹಮಾಲಿಗಳು, ಲಾರಿ ಡ್ರೈವರುಗಳು, ರೇಷ್ಮೆಗೂಡು ಹೊತ್ತು ಬೆಳಗಿನ ಜಾವಕ್ಕೇ ಮಾರುಕಟ್ಟೆಗೆ ಬರುವ ರೈತರು, ಆಸ್ಪತ್ರೆಯ ರಾತ್ರಿಪಾಳಿಯ ಆಯಾಗಳು, ಎಟಿಎಂ ಕಾಯುವವರು. ಜೊತೆಗೆ, ಪೇಟೆಯ ಹಳೇ ಮನೆಗಳ ಜಗಲಿ ಮೇಲೆ ಸಂಜೆ ಹೂ ಕಟ್ಟುತ್ತಾ ಕೂರುವ ಅಜ್ಜಿಯರು. ಅವರ ಹತ್ತಿರ ಇರುವಷ್ಟು ಕತೆ ಯಾವ ಗ್ರಂಥಾಲಯದಲ್ಲೂ ಇಲ್ಲ.

ಕೇಳುವ ಬಗೆ ಬಹಳ ಮುಖ್ಯ. "ಅಜ್ಜಿ, ಇಲ್ಲಿ ದೆವ್ವ ಇದೆಯಾ?" ಅಂದರೆ "ಅಂಥದ್ದೇನೂ ಇಲ್ಲ, ಹೋಗಪ್ಪ" ಅನ್ನುತ್ತಾರೆ. ಮನೆ ಮುಂದೆ ನಿಂತ ಅಪರಿಚಿತನಿಗೆ ಯಾರೂ ಹಾಗೆ ಒಪ್ಪಿಕೊಳ್ಳುವುದಿಲ್ಲ. "ಅಜ್ಜಿ, ನೀವು ಚಿಕ್ಕವರಿದ್ದಾಗ ದೀಪ ಹಚ್ಚಿದ ಮೇಲೆ ಯಾವ ಕಡೆ ಹೋಗ್ಬೇಡ ಅಂತಿದ್ರು?" ಅಂತ ಕೇಳಿ ನೋಡಿ. ಕೈಲಿದ್ದ ದಾರ ನಿಲ್ಲುತ್ತದೆ. "ಆ ಹುಣಸೆಮರದ ಕಡೆ ತಲೆ ಎತ್ತಬೇಡ ಅನ್ನೋರು ಕಣಪ್ಪ. ಗಾಳಿ ಸೋಕ್ತದೆ ಅಂತ. ನಮ್ಮತ್ತೆ ಮೂರು ದಾರಿ ಕೂಡೋ ಕಡೆ ನಿವಾಳಿಸಿ ಹಾಕಿದ್ದನ್ನ ತುಳಿದು ಬಂದವಳಿಗೆ ಮೆಣಸಿನಕಾಯಿ ಸುಟ್ಟಿದ್ರು." ಒಂದು ಪ್ರಶ್ನೆಗೆ ಒಂದು ಮರ, ಒಂದು ದಾರಿ, ಒಂದು ಆಚಾರ ಸಿಕ್ಕಿತು. ಆ ಮರ ಈಗ ಎಲ್ಲಿ ಅಂತ ಕೇಳಿ. ಕಡಿದಿದ್ದರೆ ಆ ಜಾಗದಲ್ಲಿ ಈಗ ಏನಿದೆ ಅಂತ ಕೇಳಿ.

ಕೋಲಾರ ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಊರು. ಕನ್ನಡದ ಮನೆಯಲ್ಲಿ ಮೋಹಿನಿ ಕಾಣಿಸಿಕೊಂಡ ಬಾವಿಯ ಹತ್ತಿರವೇ ತೆಲುಗಿನ ಮನೆಯವರು ದೆಯ್ಯಂ ಅನ್ನುತ್ತಾರೆ, ಪಕ್ಕದ ಗಲ್ಲಿಯವರು ಜಿನ್ ಅನ್ನುತ್ತಾರೆ. ಹಾಗಾಗಿ ಮೂರೂ ಕಡೆ ಕೇಳಿ. ಭಾಷೆ ಬರದಿದ್ದರೆ ಬರುವ ಗೆಳೆಯರನ್ನು ಕರೆದುಕೊಂಡು ಹೋಗಿ. ಒಂದೇ ಭಾಷೆಯವರ ಭಯ ಇಟ್ಟುಕೊಂಡು ಹೊರಟ ನಡಿಗೆ ಅರ್ಧ ಊರನ್ನೇ ಬಿಟ್ಟ ಹಾಗೆ.

ರೆಕಾರ್ಡ್ ಮಾಡುವುದಾದರೆ ಮೊದಲೇ ಕೇಳಿ. ಹೇಳಿದವರ ಹೆಸರು, ಮನೆ ಗುರುತು ನಡಿಗೆಯಲ್ಲಿ ಬರಬಾರದು.

ಯಾವ ಕತೆ ಬೇಡ

ಕೂಡಿಸಿದ್ದರಲ್ಲಿ ಅರ್ಧ ಬಿಡಬೇಕಾಗುತ್ತದೆ. ಬಿಡುವುದರಲ್ಲಿ ಧಾರಾಳವಾಗಿರಿ.

ನೆನಪಿನಲ್ಲಿ ಹಸಿಯಾಗಿರುವ ಸಾವುಗಳು ಬೇಡವೇ ಬೇಡ. ಬಾವಿಗೆ ಬಿದ್ದ ಸೊಸೆ, ನೇಣು ಹಾಕಿಕೊಂಡ ಹುಡುಗ, ಹೆರಿಗೆಯಲ್ಲಿ ತೀರಿಕೊಂಡವಳು, ಇವರ ಅಕ್ಕತಂಗಿಯರು, ಮಕ್ಕಳು ಇದೇ ಬೀದಿಯಲ್ಲಿ ಇರುತ್ತಾರೆ. ನಿಮ್ಮ ಗುಂಪು ಟಾರ್ಚು ಹಿಡಿದು ಆ ಬಾವಿಯ ಮುಂದೆ ನಿಂತಾಗ ಕಿಟಕಿಯ ಹಿಂದೆ ಅವರೂ ನಿಂತಿರುತ್ತಾರೆ. ಮೂರು ತಲೆಮಾರು ಹಿಂದಿನದ್ದಲ್ಲದ ಸಾವಿನ ಕತೆಯನ್ನು ನಾನು ಒಪ್ಪುವುದಿಲ್ಲ. ಹಾಗೆಯೇ, ಜನ ವಾಸವಿರುವ ಅಥವಾ ಬಾಡಿಗೆಗೆ ಇರುವ ಯಾವ ಮನೆಯನ್ನೂ ದೆವ್ವದ ಮನೆ ಅಂತ ಬೆರಳು ತೋರಿಸಬೇಡಿ. ಆ ಮಾತು ಒಮ್ಮೆ ಅಂಟಿಕೊಂಡರೆ ಬಾಡಿಗೆಗೆ ಯಾರೂ ಬರುವುದಿಲ್ಲ, ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಸಂಬಂಧ ಕೂಡುವುದಕ್ಕೂ ತೊಂದರೆ.

ಇನ್ನೊಂದು ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಕೋಲಾರ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಕಲ್ಲು ಬೇಕಾದಷ್ಟಿವೆ. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ: ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು, ತುದಿಯಲ್ಲಿ ಸೂರ್ಯ ಚಂದ್ರ. ಟಾರ್ಚನ್ನು ಕಲ್ಲಿಗೆ ನೇರ ಹಿಡಿದರೆ ಏನೂ ಕಾಣುವುದಿಲ್ಲ, ಪಕ್ಕದಿಂದ ಓರೆಯಾಗಿ ಹಾಯಿಸಿದರೆ ನೆರಳು ಬಿದ್ದು ಸವೆದ ಮುಖಗಳೂ ಎದ್ದು ಬರುತ್ತವೆ. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದು ತೋಳು ಇರುತ್ತದೆ. ಮುಂಗೈ ತುಂಬ ಬಳೆ, ಬೆರಳ ನಡುವೆ ಒಂದು ನಿಂಬೆಹಣ್ಣು. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ಗುರುತು ಅದು. ಇವಳನ್ನು ಮೋಹಿನಿ ಮಾಡಬೇಡಿ, ದೇವತೆ ಮಾಡಿಯೂ ಹೊಗಳಬೇಡಿ. ಸತಿಯನ್ನು ವೈಭವೀಕರಿಸುವುದು 1987ರ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇರದಿದ್ದರೂ ನಾವು ಮಾಡಬಾರದ ಕೆಲಸ ಅದು. ಆ ಬಳೆಗಳನ್ನು ತೋರಿಸಿ, ಅವಳಿಗೆ ಎಷ್ಟು ವಯಸ್ಸಾಗಿದ್ದಿರಬಹುದು ಅಂತ ಕೇಳಿ, ಸುಮ್ಮನಾಗಿ.

ದಾರಿ ಹಾಕುವುದು

ನಡಿಗೆ ಒಟ್ಟು ಎರಡು ಕಿಲೋಮೀಟರ್ ಮೀರಬಾರದು, ನಿಲ್ಲುವ ಜಾಗ ಐದಾರು ಸಾಕು. ಒಂದು ಹೊತ್ತಿಗೆ ಎಲ್ಲ ಜಾಗ ಮುಗಿಸಲು ಆಗದಿದ್ದರೆ ಎರಡು ನಡಿಗೆ ಮಾಡಿ. ಹಗಲಲ್ಲಿ ಒಮ್ಮೆ ನಡೆದು ಮೋರಿ, ಕಿತ್ತ ಚಪ್ಪಡಿ, ನಾಯಿ ಗುಂಪುಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ನಡಿಗೆ ಇಟ್ಟುಕೊಂಡಿರುವ ಹೊತ್ತಿಗೇ, ಅದೇ ವಾರದ ದಿನ, ರಾತ್ರಿ ಇನ್ನೊಮ್ಮೆ ನಡೆಯಿರಿ. ಯಾವ ಬೀದಿದೀಪ ಉರಿಯುತ್ತದೆ, ಯಾವ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಅನ್ನುವುದು ಹಗಲಲ್ಲಿ ತಿಳಿಯುವುದಿಲ್ಲ.

ಕತ್ತಲಾಗುವ ಮುನ್ನ ಗುಡಿಗಳಿಂದ ಶುರು ಮಾಡುವುದು ಒಳ್ಳೆಯದು. ಸೋಮೇಶ್ವರ ಗುಡಿ ವಿಜಯನಗರ ಕಾಲದ್ದು. ಕಲ್ಯಾಣಮಂಟಪದ ಕಂಬಗಳ ಕೆತ್ತನೆ ನೋಡಲು ಸಂಜೆ ಬೆಳಕೇ ಚೆನ್ನ. ಇಲ್ಲಿ ದೆವ್ವದ ಮಾತೇ ಬೇಡ, ಬಂದವರ ಕಿವಿಯನ್ನು ಊರಿನ ವಯಸ್ಸಿಗೆ ಹೊಂದಿಸಿದರೆ ಸಾಕು. ಗಂಗರು ತಲಕಾಡಿಗೆ ಹೋಗುವ ಮೊದಲು ಇದ್ದ ರಾಜಧಾನಿ ಇದು ಅಂತ ಹೇಳಿ.

ಕೋಲಾರಮ್ಮನ ಗುಡಿ ಬೇರೆಯೇ ಲೋಕ. ಚೋಳರ ಕಾಲದ ಕಟ್ಟಡ, ರಾಜೇಂದ್ರ ಚೋಳನ ಕಾಲದ ತಮಿಳು ಶಾಸನ, ಒಳಗೆ ಸಪ್ತಮಾತೃಕೆಯರು. ಉಗ್ರ ದೇವಿಯ ದೃಷ್ಟಿ ನೇರವಾಗಿ ಬೀಳದಿರಲಿ ಅಂತ ಕನ್ನಡಿಯಲ್ಲಿ ದರ್ಶನ ಮಾಡುವ ರೂಢಿ ಇದೆ. ಪಕ್ಕದಲ್ಲೇ ಚೇಳಮ್ಮ. ಅವಳಿಗೆ ನಡೆದುಕೊಂಡರೆ ಚೇಳು ಕಚ್ಚುವುದಿಲ್ಲ ಅನ್ನುವುದು ಈ ಸೀಮೆಯ ನಂಬಿಕೆ. ನೆಲದೊಳಗಿನ ಹುಂಡಿಗೆ ತಲೆಮಾರುಗಳಿಂದ ಕಾಣಿಕೆ ಬೀಳುತ್ತಲೇ ಇದೆ. ನಡಿಗೆಗೆ ಬಂದವರಲ್ಲಿ ಯಾರಾದರೂ "ಹಾಗಾದರೆ ಇದು ದೆವ್ವದ ಗುಡಿಯಾ?" ಅಂದರೆ ಅಲ್ಲೇ ತಿದ್ದಿ. ದೇವಿ ಬೇರೆ, ದೆವ್ವ ಬೇರೆ. ಭಯವನ್ನು ಹೊರಗೆ ನಿಲ್ಲಿಸಲು ಊರು ಕೂರಿಸಿಕೊಂಡ ತಾಯಿ ಅವಳು. ಬಯಲು ಸೀಮೆಯ ಊರಾಚೆಗಳಲ್ಲಿ ಮೀಸೆ ತಿರುವಿ ಕೂತ ಮುನೇಶ್ವರನೂ ಹಾಗೆಯೇ ಕಾಯುವವನು. ಎರಡು ಗುಡಿಗಳೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಬಾಗಿಲು ಹಾಕುವ ಹೊತ್ತಿಗೆ ಮೊದಲೇ ಹೊರಗೆ ಬನ್ನಿ.

ಪೇಟೆ ಬೀದಿಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಇಲ್ಲಿ ಹೇಳಬೇಕಾದದ್ದು "ನಾಳೆ ಬಾ". 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ಈ ಎರಡು ಪದ ಬರೆದಿದ್ದರು. ರಾತ್ರಿ ಒಬ್ಬಳು ಬಂದು ಬಾಗಿಲು ಬಡಿಯುತ್ತಾಳೆ, ಅಮ್ಮನ ದನಿಯಲ್ಲೋ ಅಕ್ಕನ ದನಿಯಲ್ಲೋ ಹೆಸರು ಹಿಡಿದು ಕರೆಯುತ್ತಾಳೆ, ತೆರೆದರೆ ಮುಗಿಯಿತು. ಬರಹ ಓದಿದವಳು ಹಿಂದಿರುಗಿ ಮಾರನೆ ರಾತ್ರಿ ಬರುತ್ತಾಳೆ, ಮತ್ತೆ ಓದುತ್ತಾಳೆ. ಇದನ್ನು ನೀವು ಹೇಳಬೇಡಿ, ಬಂದವರಿಂದ ಹೇಳಿಸಿ. ನಲವತ್ತು ದಾಟಿದವರು ಗುಂಪಿನಲ್ಲಿದ್ದರೆ ಒಬ್ಬರಾದರೂ "ನಮ್ಮ ಮನೆ ಬಾಗಿಲಿಗೂ ಬರೆದಿದ್ವಿ" ಅನ್ನುತ್ತಾರೆ. ಸೀಮೆಸುಣ್ಣದಲ್ಲಾ, ಇದ್ದಿಲಲ್ಲಾ, ಯಾರು ಬರೆದರು, ಎಷ್ಟು ದಿನ ಅಳಿಸದೆ ಬಿಟ್ಟರು ಅಂತ ಕೇಳುತ್ತಾ ಹೋಗಿ. ನಡಿಗೆಯ ಜೀವ ಇರುವುದು ಇಂಥ ಕಡೆ. ನಿಲ್ಲಲು ಹಳೇ ಮರದ ಬಾಗಿಲಿನ ಮನೆ ಇದ್ದರೆ ಚೆನ್ನ, ಮನೆಯವರ ಒಪ್ಪಿಗೆ ಮೊದಲೇ ಪಡೆದಿರಿ.

ಹೈದರನ ಪೆಟ್ಟಿಗೆ: ಹೇಳುವ ಬಗೆ

ಇಡೀ ನಡಿಗೆಯ ತೂಕ ಇದರ ಮೇಲಿರಲಿ, ಕೊನೆಯಲ್ಲೇ ಬರಲಿ.

ಒಳ್ಳೆಯ ದೆವ್ವದ ಕತೆ ಒಂದೇ ಒಂದು ಗಟ್ಟಿ ವಿವರದ ಮೇಲೆ ನಿಲ್ಲುತ್ತದೆ. ಯಾರ್ಕ್‌ನಲ್ಲಿ 1953ರಲ್ಲಿ ಹ್ಯಾರಿ ಮಾರ್ಟಿಂಡೇಲ್ ಅನ್ನುವ ಕೊಳಾಯಿ ಕೆಲಸದ ಹುಡುಗ ಟ್ರೆಷರರ್ಸ್ ಹೌಸ್ ನೆಲಮಾಳಿಗೆಯಲ್ಲಿ ರೋಮನ್ ಸೈನಿಕರು ಗೋಡೆಯಿಂದ ಹೊರಬಂದು ನಡೆದುಹೋದದ್ದನ್ನು ಕಂಡೆ ಅಂದ. ಅವರಿಗೆ ಮೊಣಕಾಲಿನಿಂದ ಕೆಳಗೆ ಕಾಲೇ ಇರಲಿಲ್ಲವಂತೆ. ನೆಲ ಅಗೆದು ಹಳೆಯ ರೋಮನ್ ರಸ್ತೆ ತೆರೆದಿದ್ದ ಕಡೆ ಮಾತ್ರ ಪಾದ ಕಂಡವಂತೆ. ಆ ಕಾಲುಗಳಿಂದಲೇ ಕತೆ ಇವತ್ತಿಗೂ ಉಳಿದಿದೆ. ನಮ್ಮ ಕತೆಯಲ್ಲಿ ಆ ಕೆಲಸ ಮಾಡುವುದು ಸುಗಂಧ.

ಮಕ್ಬರಕ್ಕೆ ಒಂದು ಬೀದಿ ಇರುವಾಗಲೇ ನಿಲ್ಲಿ. ಕೈಯಲ್ಲಿ ಒಂದು ಪುಟ್ಟ ಮರದ ಪೆಟ್ಟಿಗೆ ಇರಲಿ, ಒಳಗೆ ಲವಂಗ, ಗಂಧದ ಚೂರು, ಒಂದಿಷ್ಟು ಸಾಂಬ್ರಾಣಿ. ಏನೂ ಹೇಳದೆ ಮುಚ್ಚಳ ತೆಗೆದು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಎಲ್ಲರೂ ಮೂಸಿದ ಮೇಲೆ ಕತೆ ಶುರು ಮಾಡಿ: ಪಾಳೆಯದಲ್ಲಿ ದೊರೆ ಸತ್ತಿದ್ದಾನೆ, ಹೊರಗೆ ಸಾವಿರಾರು ಸೈನಿಕರು ಅವನ ಅಪ್ಪಣೆಗೆ ಕಾಯುತ್ತಿದ್ದಾರೆ. ಹೆಣ ಇಟ್ಟುಕೊಳ್ಳುವ ಹಾಗಿಲ್ಲ, ಮೆರವಣಿಗೆಯಲ್ಲಿ ಒಯ್ಯುವ ಹಾಗೂ ಇಲ್ಲ. ಮೈಸೂರಿನ ಇತಿಹಾಸ ಬರೆದ ಕರ್ನಲ್ ಮಾರ್ಕ್ ವಿಲ್ಕ್ಸ್ ಈ ಪೆಟ್ಟಿಗೆಯ ಸಂಗತಿಯನ್ನು ದಾಖಲಿಸಿದ್ದಾನೆ. ಯಾವ ದ್ರವ್ಯ ಎಷ್ಟು ಹಾಕಿದ್ದರು ಅಂತ ನೀವಾಗಿ ಪಟ್ಟಿ ಕಟ್ಟಬೇಡಿ, ಕೈಲಿರುವುದು ಬರೀ ಕಲ್ಪನೆಗೆ ಅಂತ ಹೇಳಿಬಿಡಿ. ಆಮೇಲೆ ಇಷ್ಟೇ ಕೇಳಿ: ಕೋಲಾರದ ಬೀದಿಯಲ್ಲಿ ಆ ಪೆಟ್ಟಿಗೆ ಹೋಗುವಾಗ ಜಗಲಿ ಮೇಲೆ ಕೂತಿದ್ದವರ ಮೂಗಿಗೆ ಈ ವಾಸನೆ ಬಂದಿರಬಹುದಲ್ಲ? ಖಜಾನೆಗೆ ಯಾಕೆ ಇಷ್ಟು ಪರಿಮಳ ಅಂತ ಯಾರಾದರೂ ಅಂದುಕೊಂಡಿರಬಹುದಲ್ಲ?

ಅಲ್ಲಿಂದ ಮಕ್ಬರದವರೆಗೆ ಯಾರೂ ಮಾತಾಡಬಾರದು ಅಂತ ಮೊದಲೇ ಹೇಳಿರಿ. ಇದು ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಮನುಷ್ಯ ಸತ್ತ ಮೇಲೆ ಕೆಲಕಾಲ ಮಲಗಿದ್ದ ಜಾಗ, ಅವನ ಹಿರಿಯರು ಇನ್ನೂ ಮಲಗಿರುವ ಜಾಗ. ನೋಡಿಕೊಳ್ಳುವವರು ಒಪ್ಪಿದರೆ ಮಾತ್ರ ಒಳಗೆ ಹೋಗಿ, ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಹಾಕಿಕೊಂಡು. ಒಪ್ಪದಿದ್ದರೆ ಹೊರಗೇ ನಿಂತು ಮುಗಿಸಿ. ಇಲ್ಲಿ ದೆವ್ವ ಅನ್ನುವ ಪದವೇ ಬರಬಾರದು. ಹೈದರ್, ಟಿಪ್ಪು ಹೆಸರು ಬಂದೊಡನೆ ಇವತ್ತಿನ ರಾಜಕೀಯ ಎತ್ತುವವರು ಇದ್ದರೆ, ಅದಕ್ಕೆ ಬೇರೆ ಜಾಗ ಇದೆ ಅಂತ ಮೆತ್ತಗೆ ಹೇಳಿ ಮುಂದೆ ನಡೆಯಿರಿ.

ಭಯಕ್ಕೆ ಕಾರಣ ಹೇಳಬೇಕೆ?

ಹೇಳಬೇಕು, ಆದರೆ ಕತೆಯ ನಡುವೆ ಅಲ್ಲ. ಕತೆ ಮುಗಿದು, ಒಂದು ಗುಟುಕು ಮೌನ ಆದ ಮೇಲೆ.

ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ತಂಡ ಎಡಿನ್‌ಬರೋದ ಆ ನೆಲಮಾಳಿಗೆಗಳಲ್ಲೇ ಜನರನ್ನು ನಿಲ್ಲಿಸಿ ಪರೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿತು. ದೆವ್ವ ಇದೆ ಅನ್ನುವ ಹೆಸರಿದ್ದ ಕೋಣೆಗಳಲ್ಲೇ ಜನರಿಗೆ ವಿಚಿತ್ರ ಅನುಭವ ಹೆಚ್ಚಾಗಿತ್ತು, ಅದಕ್ಕೂ ಬೆಳಕು, ಕೋಣೆಯ ಎತ್ತರದಂಥ ಸಂಗತಿಗಳಿಗೂ ನಂಟು ಕಂಡಿತು. ನಮ್ಮ ಸಂದಿಗಳಿಗೂ ಇದನ್ನು ಹೊಂದಿಸಿ ನೋಡಬಹುದು: ಬೆಳಕಿನ ಬೀದಿಯಿಂದ ಗಕ್ಕನೆ ಕತ್ತಲ ಗಲ್ಲಿಗೆ ತಿರುಗಿದಾಗ ಮೈ ಜುಮ್ಮೆನ್ನುತ್ತದೆ.

ಹಾಳು ಗೋಪುರದಿಂದ ಬರುವ ಹೆಂಗಸಿನ ಚೀತ್ಕಾರ ಬಹಳ ಸಲ ಕಣಜಗೂಬೆಯದು. ಬಿಳಿ ಮುಖದ ಹಕ್ಕಿ, ಸದ್ದಿಲ್ಲದ ರೆಕ್ಕೆ, ಹಾರುವಾಗ ಕೆಳಗಿನಿಂದ ಬೆಳ್ಳಗೆ ಕಾಣುತ್ತದೆ. ಕೆರೆಯಂಗಳದ ಕೊಳ್ಳಿದೆವ್ವಕ್ಕೆ ಕೊಳೆತ ಕೆಸರಿನಿಂದ ಏಳುವ ಅನಿಲ ಕಾರಣ ಅನ್ನುವ ವಿವರಣೆ ಬಹುಕಾಲದಿಂದ ಇದೆ. ಹುಣಸೆ, ಅರಳಿಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಉಸಿರು ಕಟ್ಟಿಸುತ್ತವೆ ಅನ್ನುವ ಮಾತನ್ನು ಮಾತ್ರ ವಿಜ್ಞಾನ ಅಂತ ಹೇಳಬೇಡಿ. ಬಯಲಲ್ಲಿ ನಿಂತ ಮರ ಬಿಡುವ ಪ್ರಮಾಣಕ್ಕೆ ಯಾರಿಗೂ ಉಸಿರು ಕಟ್ಟುವುದಿಲ್ಲ.

ಗುಂಪಿನಲ್ಲಿ ಯಾರಾದರೂ "ನನಗೆ ನಿಜವಾಗಿ ಆಗಿದೆ" ಅಂದರೆ ವಾದ ಮಾಡದೆ ಕೇಳಿಸಿಕೊಳ್ಳಿ. ದೆವ್ವ ಬಿಡಿಸುವವರ ವಿಳಾಸ ಕೊಡುವುದು, ತಾಯಿತ ಮಾರುವುದು ಬೇಡ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ನಿದ್ದೆಯಿಲ್ಲದೆ ನರಳುತ್ತಿರುವವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ದಾರಿ ತೋರಿಸಿ.

ಆ ರಾತ್ರಿಯ ಕೆಲಸಗಳು

ಪೊಲೀಸ್ ಠಾಣೆಗೆ ದಿನಾಂಕ, ಹೊತ್ತು, ದಾರಿ, ಜನರ ಸಂಖ್ಯೆ, ಜವಾಬ್ದಾರರ ಫೋನ್ ನಂಬರ್ ಬರೆದ ಪತ್ರ ಮೊದಲೇ ಕೊಡಿ. ದಾರಿಯ ಅಂಗಡಿಯವರಿಗೂ ತಿಳಿಸಿರಿ, ಇಲ್ಲದಿದ್ದರೆ ಕತ್ತಲಲ್ಲಿ ಗುಂಪು ನೋಡಿ ಅವರೇ ಗಾಬರಿಯಾಗುತ್ತಾರೆ. ಮೈಕು ಬೇಡ. ಹದಿನೈದು ಜನರಿಗಿಂತ ಹೆಚ್ಚಾದರೆ ಹಿಂದಿನವರಿಗೆ ಕೇಳಿಸುವುದಿಲ್ಲ, ಕೂಗಿ ಹೇಳಿದ ದೆವ್ವದ ಕತೆಯಲ್ಲಿ ಏನೂ ಉಳಿಯುವುದಿಲ್ಲ. ಒಂಬತ್ತೂವರೆಗೆ ಮುಗಿಸಿ.

ಮುಂದೆ ಒಬ್ಬರು, ಹಿಂದೆ ಒಬ್ಬರು, ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಹೆಣ್ಣುಮಕ್ಕಳು ರಾತ್ರಿ ಹೊತ್ತು ತಮ್ಮದೇ ಊರಿನ ಬೀದಿಯಲ್ಲಿ ನಿಧಾನವಾಗಿ ನಡೆಯಲು ಸಿಗುವ ಅವಕಾಶ ಅಪರೂಪದ್ದು, ಅವರು ಮನೆ ಸೇರಿದ ಸುದ್ದಿ ಬರುವವರೆಗೆ ನಿಮ್ಮ ಕೆಲಸ ಮುಗಿದಿಲ್ಲ. ಮುಚ್ಚಿದ ಚಪ್ಪಲಿ ಅಥವಾ ಶೂ ಕಡ್ಡಾಯ. ಕಲ್ಲಿನ ಸಂದಿಗೆ, ಪೊದೆಗೆ ಕೈ ಹಾಕಬಾರದು. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕುಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು 112ಕ್ಕೆ ಫೋನ್ ಮಾಡಿ ನೇರ ಎಸ್‌.ಎನ್‌.ಆರ್. ಜಿಲ್ಲಾಸ್ಪತ್ರೆಗೆ ಹೋಗಿ.

ಹತ್ತು ವರ್ಷದೊಳಗಿನ ಮಕ್ಕಳನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಗರ್ಭಿಣಿಯರು, ಬಾಣಂತಿಯರು ಬಂದರೆ ಮನೆಯ ಹಿರಿಯರ ಮನಸ್ಸಿಗೆ ನೋವಾಗಬಹುದು, ಅದನ್ನು ಅವರವರಿಗೇ ಬಿಡಿ.

ದಿನ ಆರಿಸುವಾಗ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಬೇಗ ಕತ್ತಲಾಗುತ್ತದೆ, ಮಳೆ ಕಡಿಮೆ, ಚಳಿ ತಾನಾಗಿಯೇ ಅರ್ಧ ಕೆಲಸ ಮಾಡುತ್ತದೆ. ಪಿತೃಪಕ್ಷದಲ್ಲಿ ಮಾಡಬೇಡಿ. ಮನೆಮನೆಯಲ್ಲಿ ಸತ್ತವರಿಗೆ ಎಡೆ ಇಡುವ ದಿನಗಳವು. ಮಂಗಳವಾರ, ಶುಕ್ರವಾರ ಕೋಲಾರಮ್ಮನಿಗೆ ಜನ ಹೆಚ್ಚು, ಆ ದಿನಗಳೂ ಬೇಡ.

ಕೆಜಿಎಫ್‌ಗೂ ಕರೆದುಕೊಂಡು ಹೋಗಿ ಅಂತ ಪ್ರತಿ ಗುಂಪಿನಲ್ಲೂ ಯಾರಾದರೂ ಕೇಳುತ್ತಾರೆ. 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಗಣಿಗಳು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್, ಬಂಡೆ ಸಿಡಿದು ಸತ್ತ ಕಾರ್ಮಿಕರು, ಕತೆಗೆ ಕೊರತೆಯಿಲ್ಲ. ಆದರೆ ಹಳೇ ಶಾಫ್ಟುಗಳು, ಸೈನೈಡ್ ದಿಬ್ಬಗಳು ಇರುವ ಕಡೆ ರಾತ್ರಿ ಗುಂಪು ಒಯ್ಯುವುದು ಜೀವದ ಪ್ರಶ್ನೆ. ಆ ಸತ್ತವರ ಮಕ್ಕಳು ಇನ್ನೂ ಅಲ್ಲಿನ ಲೈನ್‌ಮನೆಗಳಲ್ಲಿದ್ದಾರೆ. ಅಂತರಗಂಗೆ ಬೆಟ್ಟಕ್ಕೂ ಇದೇ ನಡಿಗೆಯಲ್ಲಿ ಹೋಗುವುದು ಬೇಡ, ಅದು ಹಗಲಿನ ಜಾಗ.

ಹಣ ತೆಗೆದುಕೊಳ್ಳುವುದಾದರೆ ಎಷ್ಟು, ಯಾತಕ್ಕೆ ಅಂತ ಮೊದಲೇ ಹೇಳಿ. ಅದರಲ್ಲಿ ಒಂದು ಪಾಲು ಕತೆ ಕೊಟ್ಟವರಿಗೆ ಹೋಗಲಿ. ಹಣ ಬೇಡ ಅನ್ನುವ ಅಜ್ಜಿಗೆ ಎಲೆಅಡಿಕೆ, ಹೂವು, ಹಣ್ಣು ತೆಗೆದುಕೊಂಡು ಹೋಗಿ, ಅವರ ಕತೆಯನ್ನು ನೀವು ಹೇಗೆ ಹೇಳುತ್ತಿದ್ದೀರಿ ಅಂತ ಅವರ ಮುಂದೆಯೇ ಒಮ್ಮೆ ಹೇಳಿ ತೋರಿಸಿ. ಅವರು ತಿದ್ದಿದ್ದನ್ನು ಮುಂದಿನ ನಡಿಗೆಗೆ ಸೇರಿಸಿಕೊಳ್ಳಿ.